ಪಾರ್ಫಿರಿನ್, ಥ್ಯಾಲೊಸಯನಿನ್ ಮತ್ತು ಬಾಟಲಿ ಮೇಲಿನ ‘ನ್ಯಾನೊ ಕ್ಯಾಟಲಿಸ್ಟ್’

ಮೂಡಿಗೆರೆ ಕಡೆಯ ಒಂದು ಗೊಬ್ಬರದಂಗಡಿಯಲ್ಲಿ ಮತ್ತೊಂದು ಬಾಟಲಿ ಕಣ್ಣಿಗೆ ಬಿತ್ತು. ದಪ್ಪಕ್ಷರದಲ್ಲಿ ‘ನ್ಯಾನೊ ಕ್ಯಾಟಲಿಸ್ಟ್’, ಕೆಳಗೆ ಸಣ್ಣದಾಗಿ ‘ಪಾರ್ಫಿರಿನ್ ಶಕ್ತಿ’, ತಿಂಗಳಿಗೊಮ್ಮೆ ಕಾಫಿ ಗಿಡಕ್ಕೆ ಹೊಡೆಯಿರಿ ಅಂತ ಸೂಚನೆ. ಗಿಡ ಹೀರಿಕೊಂಡು ಖರ್ಚು ಮಾಡುವುದು ಪೋಷಕಾಂಶ. ಅದಕ್ಕೆ ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು, ಅಂತ ಹೆಸರಿಡಬಾರದು. ನಮ್ಮ ಸೀಮೆಯಲ್ಲಿ ಟಾನಿಕ್, ಬೂಸ್ಟರ್, ಸತ್ವ ಎಲ್ಲದಕ್ಕೂ ಈ ಪದ ಅಂಟಿಸೋದು ಜಾಸ್ತಿ ಆಗಿದೆ, ಕೇಳಿ ಕೇಳಿ ಸಾಕಾಗಿದೆ.

ಕ್ಯಾಟಲಿಸ್ಟ್ ಸುಮ್ನೆ ಪಕ್ಕದಲ್ಲಿ ನಿಂತಿರುತ್ತದೆ ಅನ್ನುವುದೂ ತಪ್ಪು. ಅದು ಕ್ರಿಯೆಯೊಳಗೆ ಇಳಿಯುತ್ತದೆ, ಬಂಧ ಕಟ್ಟಿಕೊಳ್ಳುತ್ತದೆ, ಬಿಡುತ್ತದೆ, ಮೊದಲಿನ ರೂಪಕ್ಕೆ ಮರಳಿ ಮುಂದಿನ ಅಣುವನ್ನು ಹಿಡಿಯುತ್ತದೆ. 1835ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೇಲಿಯಸ್ ಈ ವಿದ್ಯಮಾನಕ್ಕೆ ಹೆಸರು ಕೊಟ್ಟರು. ಅದು ಕಡಿಮೆ ಶಕ್ತಿ ಬೇಡುವ ದಾರಿ ತೆರೆಯುತ್ತದೆ ಅಷ್ಟೇ, ಆಗಲಾರದ ಕ್ರಿಯೆಯನ್ನು ಆಗಿಸುವುದಿಲ್ಲ.

ಇನ್ನು ಪಾರ್ಫಿರಿನ್. ಗ್ರೀಕಿನಲ್ಲಿ ನೇರಳೆಗೆಂಪಿಗೆ ಇರುವ ಪದದಿಂದ ಬಂದ ಹೆಸರು. ನಾಲ್ಕು ಪಿರೋಲ್ ಉಂಗುರಗಳನ್ನು (ಒಂದೊಂದರಲ್ಲೂ ನಾಲ್ಕು ಇಂಗಾಲ, ಒಂದು ಸಾರಜನಕ) ಇಂಗಾಲದ ಕೊಂಡಿಗಳು ಸೇರಿಸಿ ಒಂದು ದೊಡ್ಡ ಉಂಗುರವಾಗಿದೆ, ನಡುವೆ ಲೋಹಕ್ಕೆ ಜಾಗ. ರಕ್ತಕ್ಕೆ ಕೆಂಪು ಕೊಡುವ ಹೀಮ್‌ನಲ್ಲಿ ಅಲ್ಲಿ ಕಬ್ಬಿಣ ಕೂತಿದೆ. ಇದೇ ಬಳಗದ ಕ್ಲೋರೊಫಿಲ್‌ನಲ್ಲಿ ಮೆಗ್ನೀಸಿಯಂ. ಹಾಗಾಗಿ ಕಾಫಿ ಎಲೆಯೊಳಗೆ ಈ ಬಳಗ ಮೊದಲೇ ಇದೆ, ಗಿಡವೇ ಅದನ್ನು ಕಟ್ಟಿಕೊಳ್ಳುತ್ತದೆ.

ಪಾರ್ಫಿರಿನ್ ಹಾಗೇ ಕಾಣುವ ಉಂಗುರದ ಥ್ಯಾಲೊಸಯನಿನ್ ಅನ್ನುವ ಬಣ್ಣದ ವಸ್ತು ಬೇರೆ. ಎರಡೂ ಒಂದೇ ಅಂತ ಬರೆಯುವವರನ್ನು ಕಂಡರೆ ನನಗೆ ಬೇಸರ. ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯ ನಾಫ್ತಲೀನ್ ಇದೆಯಲ್ಲ, ಆ ಹೆಸರಿನ ತಲೆ ಕತ್ತರಿಸಿ ಬಂದದ್ದು ‘ಥ್ಯಾಲ್’. ‘ಸಯನಿನ್’ ಬಂದದ್ದು ಕಡುನೀಲಿಗೆ ಇರುವ ಗ್ರೀಕ್ ಪದದಿಂದ. ಇಲ್ಲಿ ಕೊಂಡಿಗಳಲ್ಲಿ ಇಂಗಾಲದ ಬದಲು ಸಾರಜನಕ, ಹೊರಗೆ ನಾಲ್ಕು ಬೆಂಜೀನ್ ಉಂಗುರಗಳು. ಪ್ರಕೃತಿಯಲ್ಲಿ ಇದು ಸಿಗುವುದಿಲ್ಲ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಕಾರ್ಖಾನೆಯಲ್ಲಿ ಕರಗಿದ ಥ್ಯಾಲಿಕ್ ಅನ್‌ಹೈಡ್ರೈಡ್‌ಗೆ ಅಮೋನಿಯಾ ಹಾಯಿಸುವಾಗ ಪಾತ್ರೆಯ ಒಳಲೇಪ ಬಿರುಕು ಬಿಟ್ಟಿತ್ತು. ಅಲ್ಲಿ ಹೊರಗಿನ ಕಬ್ಬಿಣ ತಾಗಿ ನೀಲಿ-ಹಸಿರು ಹರಳು ಕಟ್ಟಿತು, ಅದು ಕಬ್ಬಿಣದ ಥ್ಯಾಲೊಸಯನಿನ್. ಲಂಡನ್ನಿನ ರಸಾಯನಶಾಸ್ತ್ರಜ್ಞ ಲಿನ್‌ಸ್ಟೆಡ್ ಅದರ ರಚನೆ ಬಿಡಿಸಿ ಹೆಸರಿಟ್ಟರು. ಇದರಲ್ಲೇ ತಾಮ್ರ ಕೂತರೆ ಹಾರ್ಡ್‌ವೇರ್ ಅಂಗಡಿಯ ನೀಲಿ ಪೇಂಟಿನ ಬಣ್ಣ. ಬೋರ್ಡೋ ದ್ರಾವಣವೂ ನೀಲಿ, ಅದರಲ್ಲೂ ತಾಮ್ರ ಅಲ್ವಾ ಅಂತ ಕೇಳುತ್ತಾರೆ. ಮೈಲುತುತ್ತ, ಸುಣ್ಣ ಕಲಸಿದರೆ ಈ ಉಂಗುರ ಹುಟ್ಟುವುದಿಲ್ಲ.

ಕೆಲಸಕ್ಕೆ ಬರುವುದು ಉಂಗುರವೂ ಲೋಹವೂ ಸೇರಿದಾಗ. 1979ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರೋವ್ಸ್ ಮತ್ತು ಸಂಗಡಿಗರು ಕಬ್ಬಿಣದ ಪಾರ್ಫಿರಿನ್ ಬಳಸಿ ಆಲ್ಕೀನ್‌ಗಳಿಗೆ (ಎರಡು ಇಂಗಾಲಗಳ ನಡುವೆ ಜೋಡಿ ಬಂಧ ಇರುವ ಸಂಯುಕ್ತಗಳು) ಆಮ್ಲಜನಕ ಸೇರಿಸಿ ತೋರಿಸಿದರು, ನಮ್ಮ ಲಿವರ್‌ನಲ್ಲಿ ಔಷಧಿಗಳನ್ನು ಒಡೆಯುವ ಸೈಟೋಕ್ರೋಮ್ ಪಿ450 ಎಂಬ ಕಿಣ್ವ ಮಾಡುವ ಬಗೆಯ ಕೆಲಸವೇ ಅದು. ಎಣ್ಣೆ ಶುದ್ಧೀಕರಣ ಘಟಕಗಳಲ್ಲಿ ಪೆಟ್ರೋಲಿನ ನಾರುವ ಗಂಧಕ ಸಂಯುಕ್ತಗಳನ್ನು ಅಷ್ಟು ನಾರದ ಡೈಸಲ್ಫೈಡ್ ಮಾಡಲು ಕೋಬಾಲ್ಟ್ ಥ್ಯಾಲೊಸಯನಿನ್ ಬಳಸುತ್ತಾರೆ.

ಹಾಗಾದರೆ ಇವನ್ನು ಅತಿ ಸಣ್ಣ ಕಣಗಳ ಜೊತೆ ಸೇರಿಸಿ ನ್ಯಾನೊಕಾಂಪೋಸಿಟ್ ಮಾಡುವುದು ಯಾಕೆ? ಬಿಡಿಯಾಗಿ ದ್ರಾವಣದಲ್ಲಿದ್ದರೆ ಈ ಅಣುಗಳು ಎಲೆಯಡಿಕೆಗೆ ಜೋಡಿಸಿದ ವೀಳ್ಯದೆಲೆಗಳ ಹಾಗೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ, ಒಳಗಿನ ಲೋಹಕ್ಕೆ ಏನೂ ತಲುಪುವುದಿಲ್ಲ. ಎರಡು ಕಬ್ಬಿಣಗಳು ನಡುವೆ ಆಮ್ಲಜನಕ ಹಿಡಿದು ಜಡವಾಗುವುದೂ ಉಂಟು. ಅದಕ್ಕೇ ಸಿಲಿಕಾ, ಗ್ರಾಫೀನ್ (ಇಂಗಾಲದ ತೆಳು ಹಾಳೆ), ಟೈಟಾನಿಯಂ ಡೈಆಕ್ಸೈಡ್ ಇಲ್ಲವೇ ಮ್ಯಾಗ್ನೆಟೈಟ್ (ಮ್ಯಾಗ್ನೆಟ್‌ಗೆ ಅಂಟುವ ಕಬ್ಬಿಣದ ಆಕ್ಸೈಡ್) ಕಣಗಳ ಮೇಲೆ ಅವನ್ನು ದೂರ ದೂರ ಕೂರಿಸುತ್ತಾರೆ. ನ್ಯಾನೊ ಅನ್ನಬೇಕಾದರೆ ಒಂದು ಘಟಕದ ಒಂದು ಅಳತೆಯಾದರೂ ಸುಮಾರು 100 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಒಳಗಿರಬೇಕು. ನುಣ್ಣಗೆ ಅರೆದ ಪುಡಿಯೆಲ್ಲ ನ್ಯಾನೊ ಆಗುವುದಿಲ್ಲ. ಮ್ಯಾಗ್ನೆಟೈಟ್ ಆದರೆ ಕೆಲಸ ಮುಗಿದ ಮೇಲೆ ಪಾತ್ರೆಯ ಹೊರಗೆ ಮ್ಯಾಗ್ನೆಟ್ ಹಿಡಿದರೆ ಸಾಕು, ಕಪ್ಪು ಪುಡಿ ಆ ಬದಿಗೆ ಸರಿಯುತ್ತದೆ. ದ್ರಾವಣ ಬಗ್ಗಿಸಿಕೊಂಡು ಅದೇ ಪುಡಿಯನ್ನು ಮತ್ತೆ ಬಳಸಬಹುದು.

ಉಂಗುರ ಕಣಕ್ಕೆ ನಿಜವಾಗಿ ಅಂಟಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ಕ್ರಿಯೆ ಅರ್ಧಕ್ಕೆ ಬಂದಾಗ ಬಿಸಿ ಇರುವಾಗಲೇ ಪುಡಿಯನ್ನು ಸೋಸಿ ತೆಗೆಯಬೇಕು. ಸೋಸಿದ ದ್ರಾವಣದಲ್ಲಿ ಕ್ರಿಯೆ ಮುಂದುವರಿದರೆ ಉಂಗುರ ಕಣದಿಂದ ಕಳಚಿ ಸೋರಿದೆ ಎಂದರ್ಥ.