ಸೋತವನ ಜೇಬಿನಿಂದ ಪೂಲ್ ಬೆಳೆಯುವುದಿಲ್ಲ

"ಇದನ್ನೇ ಆಡಿ ಬದುಕ್ಲಿಕ್ಕೆ ಆಗ್ತದಾ ಸರ್?" ಕ್ಯೂ ಅನ್ನುವ ಕೋಲಿನಿಂದ ಚೆಂಡು ಹೊಡೆದು ಮೇಜಿನ ಪಾಕೆಟ್‌ಗೆ ಹಾಕುವ ಪೂಲ್ ಆಟದ ಪಾರ್ಲರ್‌ಗೆ ಬರುವ ಹುಡುಗರಲ್ಲಿ ಸ್ವಲ್ಪ ಕೈ ಕುದುರಿದವರೆಲ್ಲ ಕೇಳುವ ಪ್ರಶ್ನೆ ಇದು. ಮಂಗಳೂರಲ್ಲೂ ಕೇಳುತ್ತಾರೆ, ಮಣಿಪಾಲದಲ್ಲೂ ಕೇಳುತ್ತಾರೆ. ಇವತ್ತಿನ ಮಟ್ಟಿಗೆ ನನ್ನ ಉತ್ತರ, ಇಲ್ಲ. ಆದರೆ ಅದಕ್ಕೆ ಜನ ಕೊಡುವ ಕಾರಣ ನನಗೆ ಒಪ್ಪಿಗೆ ಇಲ್ಲ. ಕ್ರಿಕೆಟ್ ಎಲ್ಲವನ್ನೂ ನುಂಗಿತು, ಸ್ಪಾನ್ಸರ್ ಸಿಗುವುದಿಲ್ಲ, ಟಿವಿಯವರು ಬರುವುದಿಲ್ಲ ಅನ್ನುತ್ತಾರೆ. ಪಾರ್ಲರ್ ನಡೆಸಿ, ಟೂರ್ನಮೆಂಟ್ ಮಾಡಿಸಿ, ಮೇಜಿಗೆ ಬಟ್ಟೆ ಹಾಕಿಸಿ ಇಷ್ಟು ವರ್ಷ ನೋಡಿದ ಮೇಲೆ ನನಗೆ ಕಾಣುವುದು ಬೇರೆ. ಪೂಲ್‌ನಲ್ಲಿ ದುಡ್ಡು ಆಡುವವರ ಜೇಬಿನಿಂದಲೇ ಬಂದು ಆಡುವವರ ಜೇಬಿಗೇ ಹೋಗುತ್ತದೆ. ಹೊರಗಿನಿಂದ ಒಂದು ರೂಪಾಯಿ ಒಳಗೆ ಬರುವುದಿಲ್ಲ.

ಒಂದು ಲೆಕ್ಕ ಹಾಕೋಣ. 64 ಜನ, ತಲಾ 1,000 ರೂಪಾಯಿ ಎಂಟ್ರಿ ಫೀ, ಒಟ್ಟು 64,000. ಗೆದ್ದವನಿಗೆ 20,000, ಎರಡನೆಯವನಿಗೆ 10,000, ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೆ 5,000ದಂತೆ, ಕ್ವಾರ್ಟರ್‌ನಲ್ಲಿ ಸೋತ ನಾಲ್ವರಿಗೆ 2,500ರಂತೆ. ಅಲ್ಲಿಗೆ 50,000 ಹೋಯಿತು. ಉಳಿದ 14,000ದಲ್ಲಿ 63 ಪಂದ್ಯ ಮುಗಿಸಬೇಕು. ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿದರೂ ನಾಲ್ಕು ಮೇಜಿನಲ್ಲಿ ಹನ್ನೆರಡು ಗಂಟೆ ಬೇಕು, ಅಂದರೆ ಶನಿವಾರ, ಭಾನುವಾರದ ವ್ಯಾಪಾರ ಬಂದ್. ರೆಫ್ರಿ, ಕರೆಂಟ್, ಚಹಾ ಎಲ್ಲ ಅದರಲ್ಲೇ ಆಗಬೇಕು. ಪಾರ್ಲರ್‌ನವರಿಗೆ ಲಾಭವಿಲ್ಲ. 56 ಜನ ಬರಿಗೈಯಲ್ಲಿ ಮನೆಗೆ. ಇನ್ನು ಗೆದ್ದವನು, ತಿಂಗಳಿಗೊಂದು ಟೂರ್ನಮೆಂಟ್ ತಪ್ಪದೆ ಗೆದ್ದರೂ ವರ್ಷಕ್ಕೆ 2 ಲಕ್ಷ 40 ಸಾವಿರ, ಅದರಲ್ಲಿ ಬಸ್ಸು, ರೈಲು, ಲಾಡ್ಜ್ ಖರ್ಚು ಬೇರೆ. ಮತ್ತೆ ಯಾರು ತಾನೇ ತಿಂಗಳಿಗೊಂದು ಗೆಲ್ಲುತ್ತಾರೆ?

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2006ರಲ್ಲಿ ಅಮೆರಿಕದ ರೀನೋ ನಗರದಲ್ಲಿ ಇಂಟರ್‌ನ್ಯಾಷನಲ್ ಪೂಲ್ ಟೂರ್‌ನ ದೊಡ್ಡ ಪಂದ್ಯಾವಳಿ ಆಯಿತು. ಫಿಲಿಪ್ಪೀನ್ಸ್‌ನ ಎಫ್ರೆನ್ ರೆಯೆಸ್ ಗೆದ್ದರು. ಮೊದಲ ಬಹುಮಾನ 5 ಲಕ್ಷ ಡಾಲರ್. ಇಡೀ ಪೂಲ್ ಲೋಕ ಬಾಯಿ ಬಿಟ್ಟು ನೋಡಿತು. ಆಮೇಲೆ ಆಟಗಾರರಿಗೆ ದುಡ್ಡು ಹೊತ್ತಿಗೆ ಸರಿಯಾಗಿ ಕೈಗೆ ಸಿಗಲಿಲ್ಲ, ಟೂರೇ ಮುಚ್ಚಿತು. ಬಹುಮಾನದ ಮೊತ್ತ ಹೇಳಿ ಜನ ಸೇರಿಸಬಹುದು, ನೋಡುವವರಿಂದ ದುಡ್ಡು ಬಾರದಿದ್ದರೆ ಅದು ಎರಡು ವರ್ಷವೂ ನಡೆಯುವುದಿಲ್ಲ.

ನಡೆದದ್ದು ಯಾವುದು ನೋಡಿ. ಪಂದ್ಯಾವಳಿ ನಡೆಸುವ ಬ್ರಿಟನ್ನಿನ ಕಂಪನಿ ಮ್ಯಾಚ್‌ರೂಮ್‌ನವರು 1994ರಲ್ಲಿ ಶುರು ಮಾಡಿದ ಮೊಸ್ಕೋನಿ ಕಪ್. ಅಮೆರಿಕ ಒಂದು ತಂಡ, ಯುರೋಪ್ ಒಂದು ತಂಡ, ಒಂದೇ ಮೇಜು, ಸುತ್ತ ಕೂಗುವ ಜನ. ಆಟ ನೈನ್ ಬಾಲ್. ಬಿಳಿ ಚೆಂಡನ್ನು ಮೇಜಿನ ಮೇಲಿರುವ ಅತಿ ಚಿಕ್ಕ ನಂಬರಿನ ಚೆಂಡಿಗೆ ಮೊದಲು ತಾಗಿಸಬೇಕು, ಒಂಬತ್ತನೇ ಚೆಂಡನ್ನು ಸರಿಯಾಗಿ ಪಾಕೆಟ್‌ಗೆ ಹಾಕಿದವನು ಗೆದ್ದ. ನನ್ನ ಅಮ್ಮನಿಗೂ ಒಂದೇ ನಿಮಿಷದಲ್ಲಿ ಅರ್ಥವಾಗುವ ಆಟ. ಜೊತೆಗೆ ಪ್ರತಿ ಹೊಡೆತಕ್ಕೆ 30 ಸೆಕೆಂಡಿನ ಮಿತಿ. ಅದೇ ಕಂಪನಿಯವರ ವಿಶ್ವ ಚಾಂಪಿಯನ್‌ಶಿಪ್ 2024ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದಾಗ ಒಟ್ಟು ಬಹುಮಾನ 10 ಲಕ್ಷ ಡಾಲರ್, ಗೆದ್ದ ಫೆಡೋರ್ ಗೋರ್ಸ್ಟ್‌ಗೆ 2.5 ಲಕ್ಷ. ಇದರ ಹಿಂದೆ ಸೌದಿಯ ಹಣ ಉಂಟು, ಹೌದು. ಆದರೆ ಆ ಹಣ ಬರಲಿಕ್ಕೆ ಮೊದಲು ಮೂವತ್ತು ವರ್ಷ ನೋಡುವ ಜನರನ್ನು ಬೆಳೆಸಿದ್ದರು.

ಈಗ ನಮ್ಮ ಕಡೆಗೆ ಬರುತ್ತೇನೆ. ನೋಡುವವರನ್ನು ಬೆಳೆಸುವುದು ಹೇಗೆಂದು ನಾವು ಮ್ಯಾಚ್‌ರೂಮ್‌ನವರಿಂದಲೇ ಕಲಿಯಬೇಕಾಗಿಲ್ಲ, ಕಂಬಳದಿಂದ ಕಲಿಯಬಹುದು. ಕಂಬಳದಲ್ಲಿ ಎಳೆಯ ಕೋಣಗಳನ್ನು ಪಳಗಿದ ಕೋಣಗಳ ಎದುರು ಓಡಿಸುತ್ತಾರಾ? ಇಲ್ಲ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ, ಎಲ್ಲದಕ್ಕೂ ಬೇರೆ ವಿಭಾಗ. ಯಾವ ವಾರ ಯಾವ ಊರಲ್ಲಿ ಕಂಬಳ ಅಂತ ಸೀಸನ್‌ಗೆ ಮುಂಚೆಯೇ ಪಟ್ಟಿ ಬರುತ್ತದೆ. ಗುರಿ ಮುಟ್ಟಿದ್ದು ಯಾರು ಅನ್ನುವುದಕ್ಕೆ ಲೇಸರ್ ಬಂತು, ಸಮಯ ಸೆಕೆಂಡಿನ ನೂರನೇ ಒಂದು ಭಾಗದ ತನಕ ಗೊತ್ತಾಗುತ್ತದೆ. ಕೋಣದ ಹೆಸರು, ಯಜಮಾನರ ಹೆಸರು, ಓಡಿಸುವವರ ಹೆಸರು ಸಣ್ಣ ಮಕ್ಕಳಿಗೂ ಬಾಯಿಪಾಠ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ಆಯಿತು, ಜನ ಕಿಕ್ಕಿರಿದು ಬಂದರು. ಪೂಲ್‌ನಲ್ಲಿ ಇದರಲ್ಲಿ ಒಂದಾದರೂ ಉಂಟಾ? ನಮ್ಮ ಜಿಲ್ಲೆಯ ಅತ್ಯುತ್ತಮ ಪೂಲ್ ಆಟಗಾರ ಯಾರು ಅಂತ ಪಾರ್ಲರ್‌ನ ಹೊರಗೆ ಕೇಳಿ ನೋಡಿ. ಒಬ್ಬರಿಗೂ ಗೊತ್ತಿರುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ನಮ್ಮ ಪಾರ್ಲರ್‌ಗಳ ಒಳಗೇ ಇದೆ. ಸೋತವನು ಮೇಜಿನ ಬಿಲ್ ಕೊಡಬೇಕು ಅನ್ನುವ ಪದ್ಧತಿ. ನನಗೆ ಗೊತ್ತಿರುವ ಕಡೆಯೆಲ್ಲ ಇದೇ ನಡೆಯುವುದು, ಯಾರೂ ಇದನ್ನು ಪ್ರಶ್ನೆ ಮಾಡುವುದಿಲ್ಲ. ಯೋಚನೆ ಮಾಡಿ, ಹೊಸದಾಗಿ ಕ್ಯೂ ಹಿಡಿದವನು ಸೋಲುತ್ತಾನೆ, ಬಿಲ್ ಕೊಡುತ್ತಾನೆ, ಮರುವಾರ ಮತ್ತೆ ಸೋಲುತ್ತಾನೆ, ಮತ್ತೆ ಕೊಡುತ್ತಾನೆ, ಮೂರನೇ ತಿಂಗಳಿಗೆ ಬರುವುದನ್ನೇ ಬಿಡುತ್ತಾನೆ. ಚೆನ್ನಾಗಿ ಆಡುವವನು ವರ್ಷಗಟ್ಟಲೆ ಸುಮ್ನೆ ಆಡುತ್ತಾನೆ. ನಾಳೆ ಟಿಕೆಟ್ ತೆಗೆದು ಪೂಲ್ ನೋಡಲಿಕ್ಕೆ ಬರಬೇಕಾದವನು ಆ ಸೋತ ಹುಡುಗನೇ ಅಲ್ವಾ? ಅವನನ್ನೇ ನಾವು ಬಾಗಿಲಿನಿಂದ ಹೊರಗೆ ಹಾಕುತ್ತಿದ್ದೇವೆ. ಬಿಲ್ ಅರ್ಧ ಅರ್ಧ ಮಾಡಿ. ಇದಕ್ಕೆ ಪಾರ್ಲರ್‌ನವರಿಗೆ ಒಂದು ಪೈಸೆಯ ಖರ್ಚಿಲ್ಲ.

ಎರಡನೆಯ ಬದಲಾವಣೆ ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ನೋಡಿ ಅವನ ಗುರಿ ಹೆಚ್ಚು ಕಡಿಮೆ ಮಾಡುವುದು. ಅಮೆರಿಕದಲ್ಲಿ ಎಪಿಎ (ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್) ಅಂತ ಹವ್ಯಾಸಿಗಳ ಲೀಗ್ ಉಂಟು, ಸುಮಾರು ಎರಡೂವರೆ ಲಕ್ಷ ಸದಸ್ಯರು. ಪೂಲ್‌ನ ಇನ್ನೊಂದು ಬಗೆಯಾದ ಏಟ್ ಬಾಲ್‌ನಲ್ಲಿ ಪ್ರತಿ ಆಟಗಾರನಿಗೂ 2ರಿಂದ 7ರವರೆಗೆ ಒಂದು ಅಂಕೆ ಕೊಡುತ್ತಾರೆ. ದೊಡ್ಡ ಅಂಕೆಯವನು ಜಾಸ್ತಿ ಗೇಮ್ ಗೆಲ್ಲಬೇಕು, ಸಣ್ಣ ಅಂಕೆಯವನಿಗೆ ಕಡಿಮೆ ಸಾಕು. ಅದರಲ್ಲಿ ನನಗೆ ತುಂಬ ಇಷ್ಟವಾದ ನಿಯಮ ಒಂದಿದೆ. ಒಂದು ಪಂದ್ಯದಲ್ಲಿ ಆಡುವ ಐದು ಜನರ ಅಂಕೆ ಕೂಡಿಸಿದರೆ 23 ದಾಟಬಾರದು. ಅಂದರೆ ಐದೂ ಜನ ಹುಲಿಗಳೇ ಇರುವ ತಂಡ ಕಟ್ಟಲಿಕ್ಕೆ ಸಾಧ್ಯವೇ ಇಲ್ಲ. ತಂಡ ಗೆಲ್ಲಬೇಕಾದರೆ ಹೊಸಬನೊಬ್ಬ ಬೇಕೇ ಬೇಕು, ಅವನಿಗೆ ಕಲಿಸಲೇಬೇಕು. ಕಲಿಸುವ ಹೊಣೆ ತಾನಾಗಿ ತಂಡದ ಮೇಲೆ ಬೀಳುತ್ತದೆ.

ನಮ್ಮಲ್ಲಿ ಲೀಗ್ ಪ್ರಯತ್ನ ಆಗಿಲ್ಲವೆಂದಲ್ಲ. 2017ರಲ್ಲಿ ಅಹಮದಾಬಾದ್‌ನಲ್ಲಿ ಕ್ಯೂ ಸ್ಲ್ಯಾಮ್ ಅಂತ ಫ್ರಾಂಚೈಸಿ ಲೀಗ್ ನಡೆಯಿತು, ಬೆಂಗಳೂರಿನ ಹೆಸರಿನ ತಂಡವೂ ಇತ್ತು, ಆರೇ ಕೆಂಪು ಚೆಂಡಿನ ಸಿಕ್ಸ್ ರೆಡ್ ಸ್ನೂಕರ್ ಮತ್ತು ನೈನ್ ಬಾಲ್ ಎರಡೂ ಇದ್ದವು. ಒಳ್ಳೆಯ ಕೆಲಸ. ಆದರೆ ಮೇಲಿನಿಂದ ಕಟ್ಟಿದ್ದು. ಪಂಕಜ್ ಅಡ್ವಾಣಿಯಂಥ ಬಿಲಿಯರ್ಡ್ಸ್, ಸ್ನೂಕರ್ ಆಟಗಾರ ಇರುವ ರಾಜ್ಯ ನಮ್ಮದು, ಇಪ್ಪತ್ತೈದಕ್ಕಿಂತ ಜಾಸ್ತಿ ವಿಶ್ವ ಪ್ರಶಸ್ತಿ ಗೆದ್ದವರು. ಒಬ್ಬ ಚಾಂಪಿಯನ್ ಇದ್ದ ಮಾತ್ರಕ್ಕೆ ಆಟ ಬೆಳೆಯುತ್ತದೆ ಅನ್ನುವುದಾದರೆ ಇಷ್ಟರಲ್ಲಿ ಕರ್ನಾಟಕದ ಪ್ರತಿ ತಾಲೂಕಿನಲ್ಲೂ ಕ್ಯೂ ಅಕಾಡೆಮಿ ಇರಬೇಕಿತ್ತು. ಇಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನನ್ನ ಉತ್ತರ, ಮಳೆಗಾಲದಿಂದ. ಮೇ ಕೊನೆಯ ವಾರ, ತುಳುನಾಡಿನಲ್ಲಿ ಉತ್ಸವಗಳ ಸೀಸನ್ ಮುಗಿಯುವ ದಿನ ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮ ನಿಲ್ಲುತ್ತವೆ, ಕಂಬಳ ಆಗಲೇ ಮುಗಿದಿರುತ್ತದೆ. ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್, ಮಣ್ಣಿನ ಕಬಡ್ಡಿ ಯಾವುದೂ ಇಲ್ಲ. ನಾಲ್ಕು ತಿಂಗಳು ಕರಾವಳಿಯ ಹುಡುಗರಿಗೆ ಸಂಜೆ ಎಲ್ಲಿ ಹೋಗುವುದೆಂದೇ ಗೊತ್ತಿಲ್ಲ. ಸೂರಿನ ಕೆಳಗೆ ಆಡುವ ಆಟಕ್ಕೆ ಇಷ್ಟು ಒಳ್ಳೆಯ ಸೀಸನ್ ದೇಶದಲ್ಲಿ ಬೇರೆ ಎಲ್ಲಿ ಸಿಗುತ್ತದೆ?

ಆದರೆ ಮಳೆಗಾಲ ಅಂದರೆ ಮೇಜಿಗೆ ಕಷ್ಟಕಾಲ, ಅದನ್ನೂ ಹೇಳಲೇಬೇಕು. ಮೇಜಿನ ಬಟ್ಟೆಯಲ್ಲಿ ಉಣ್ಣೆ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಚೆಂಡು ಭಾರವಾದಂತೆ ಓಡುತ್ತದೆ, ಮೇಜಿನ ಅಂಚಿನ ಕುಶನ್‌ಗೆ ತಾಗಿ ಬರುವ ಕೋನ ಬದಲಾಗುತ್ತದೆ, ಕ್ಯೂ ತುದಿಯ ಚರ್ಮ ಮೆತ್ತಗಾಗುತ್ತದೆ. ದೊಡ್ಡ ಸ್ನೂಕರ್ ಪಂದ್ಯಗಳಲ್ಲಿ ಬಟ್ಟೆಯಡಿಯ ಕಲ್ಲಿನ ಸ್ಲೇಟಿನ ಕೆಳಗೆ ಹೀಟರ್ ಇಡುವುದು ಇದಕ್ಕೇ. ನಮಗೆ ಅಷ್ಟು ಬೇಡ. ಎಸಿಯನ್ನು ಗಿರಾಕಿ ಬಂದಾಗ ಮಾತ್ರ ಹಾಕಿ ಹೋದ ಕೂಡಲೇ ಆಫ್ ಮಾಡುವುದನ್ನು ನಿಲ್ಲಿಸಬೇಕು, ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಇಡಬೇಕು, ರಾತ್ರಿ ಮೇಜು ಮುಚ್ಚಬೇಕು, ಚೆಂಡು ದಿನಾ ಒರೆಸಬೇಕು. ಸೋಮವಾರ ಒಂದು ಥರ, ಗುರುವಾರ ಇನ್ನೊಂದು ಥರ ಓಡುವ ಮೇಜಿನಲ್ಲಿ ಯಾರಿಗೂ ಆಟ ಕಲಿಯಲಿಕ್ಕೆ ಆಗುವುದಿಲ್ಲ.

ಲೀಗ್ ಸರಳವಾಗಿರಲಿ. ಮಂಗಳೂರು, ಸುರತ್ಕಲ್, ಮೂಲ್ಕಿ, ಉಡುಪಿ, ಮಣಿಪಾಲ, ಕುಂದಾಪುರ, ಊರಿಗೊಂದು ಪಾರ್ಲರ್‌ನಂತೆ ಆರು ತಂಡ. ತಂಡದಲ್ಲಿ ಐದು ಜನ, ಮೇಲೆ ಹೇಳಿದ ಹಾಗೆ ಅಂಕೆಯ ಮಿತಿ. ಪ್ರತಿ ಮಂಗಳವಾರ ರಾತ್ರಿ, ಹೇಗೂ ಆ ದಿನ ಮೇಜು ಖಾಲಿ. ಒಮ್ಮೆ ನಮ್ಮಲ್ಲಿ, ಒಮ್ಮೆ ಅವರಲ್ಲಿ ಆಡಿದರೆ ಹತ್ತು ಸುತ್ತು, ಸೆಮಿ ಮತ್ತು ಫೈನಲ್ ಸೇರಿ ಹನ್ನೆರಡು ವಾರ. ಜೂನ್ ಎರಡನೇ ವಾರ ಶುರು ಮಾಡಿದರೆ ಆಗಸ್ಟ್ ಕೊನೆಗೆ ಮುಗಿಯುತ್ತದೆ. ಆಡುವವರಿಂದ ಎಂಟ್ರಿ ಫೀ ಬೇಡವೇ ಬೇಡ. ಬೆಟ್ಟಿಂಗ್ ಕಂಡರೆ ತಂಡವೇ ಹೊರಗೆ, ಇದರಲ್ಲಿ ಯಾರ ಮುಖವನ್ನೂ ನೋಡಬಾರದು. ಸಿಗರೇಟು ಒಳಗೆ ಬೇಡ. ಅಪ್ಪ ಅಮ್ಮ ತಂಗಿ ಬಂದು ಕೂತು ನೋಡುವಂತಿಲ್ಲದ ಜಾಗಕ್ಕೆ ಯಾವ ಅಂಗಡಿಯವರು ಬ್ಯಾನರ್ ಕೊಡುತ್ತಾರೆ?

ಸ್ಪಾನ್ಸರ್ ಹಣ ಬಂದರೆ ಮೊದಲು ಟ್ರೋಫಿಗೆ ಹಾಕಬೇಡಿ, ಕ್ಯಾಮೆರಾಕ್ಕೆ ಹಾಕಿ. ಊರಿನ ಅಂಡರ್‌ಆರ್ಮ್ ಟೂರ್ನಮೆಂಟನ್ನೂ ಯೂಟ್ಯೂಬ್‌ನಲ್ಲಿ ಲೈವ್ ಕೊಡುವ ಹುಡುಗರು ನಮ್ಮಲ್ಲಿದ್ದಾರೆ. ಮೇಜಿನ ಮೇಲೆ ನೇರವಾಗಿ ಒಂದು ಕ್ಯಾಮೆರಾ, ಆಟಗಾರನ ಮುಖಕ್ಕೆ ಒಂದು, ತುಳು ಕನ್ನಡ ಎರಡರಲ್ಲೂ ಮಾತಾಡಬಲ್ಲ ಒಬ್ಬ ಕಾಮೆಂಟೇಟರ್. ಈ ಹೊಡೆತ ಯಾಕೆ ಕಷ್ಟ, ಬಿಳಿ ಚೆಂಡು ಎಲ್ಲಿ ನಿಲ್ಲಬೇಕು, ತಪ್ಪಿದರೆ ಏನಾಗುತ್ತದೆ ಅಂತ ಹೊಡೆಯುವ ಮೊದಲೇ ಹೇಳುವವನು ಸಿಕ್ಕಿದರೆ ನೋಡುವವರು ಎದ್ದು ಹೋಗುವುದಿಲ್ಲ.

ಆಗ ಆ ಹುಡುಗನ ಪ್ರಶ್ನೆಗೆ ಬೇರೆ ಉತ್ತರ ಕೊಡಬಹುದು. ಪ್ರತಿ ಪಾರ್ಲರ್ ತನ್ನ ಅತ್ಯುತ್ತಮ ಆಟಗಾರನನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳಲಿ. ಸೋತರೂ ಗೆದ್ದರೂ ಸಂಬಳ ಸಂಬಳವೇ. ಮಳೆಗಾಲದಲ್ಲಿ ತಂಡಕ್ಕೆ ಆಡುತ್ತಾನೆ, ವರ್ಷವಿಡೀ ಸಂಜೆ ಹೊಸಬರಿಗೆ ಕಲಿಸುತ್ತಾನೆ, ಕಲಿಯುವವರ ಫೀಯಲ್ಲಿ ಅವನಿಗೂ ಪಾಲು. ಆರು ಪಾರ್ಲರ್‌ನವರು ಒಪ್ಪಿದರೆ ಆರು ಜನರಿಗೆ ಕೆಲಸ. ನಾಲ್ಕೇ ಪಾರ್ಲರ್‌ನವರು ಒಪ್ಪಿದರೂ ಈ ಜೂನ್‌ನಲ್ಲೇ ಶುರು ಮಾಡಬಹುದು, ಆಗ ಹತ್ತರ ಬದಲು ಆರು ಸುತ್ತು ಆಗುತ್ತದೆ ಅಷ್ಟೇ.