ತಿಂಡಿಗೆ ಮೊದಲು ಜೋರು ಓಟ: ಬೊಜ್ಜು ಬೇಗ ಕರಗುತ್ತದಾ?

ಪ್ರಶ್ನೆ: ನನಗೆ 38 ವರ್ಷ, ಊರು ಬದಿಯಡ್ಕದ ಹತ್ತಿರ. ಬೆಳಿಗ್ಗೆ ಐದೂವರೆಗೆ ಎದ್ದು, ಚಾ ಕೂಡ ಕುಡಿಯದೆ, ಮನೆ ಪಕ್ಕದ ಪದವಿನಲ್ಲಿ (ಮುರಕಲ್ಲಿನ ಬಯಲುಗುಡ್ಡೆ) 15 ನಿಮಿಷ ಜೋರಾಗಿ ಓಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಕೊಬ್ಬು ಬೇಗ ಕರಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ಏನಾದರೂ ತಿಂದು ಹೋಗು ಎಂದು ಅಮ್ಮನ ಗಲಾಟೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಗೆಳೆಯ ಎರಡು ಬೇರೆ ಬೇರೆ ಮಾತನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಕೊಬ್ಬು ಜಾಸ್ತಿ ಉರಿಯುವುದು ನಿಜ. ಆದರೆ ಅದು ನಿಧಾನ ಓಟದ, ಬಿರುಸು ನಡಿಗೆಯ ಮಾತು. ನೀವು ಓಡುವುದು ಜೋರು ಓಟ ಅಲ್ವಾ?

ಬಚ್ಚಲ ಒಲೆಗೆ ಬೆಂಕಿ ಹಾಕಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೊಬ್ಬು ಹಲಸಿನ ಕೊರಡಿನ ಹಾಗೆ. ಹಿಡಿಯುವುದು ನಿಧಾನ, ಹಿಡಿದರೆ ಗಂಟೆಗಟ್ಟಲೆ ಉರಿಯುತ್ತದೆ. ಸಕ್ಕರೆ ಒಣಗಿದ ತೆಂಗಿನ ಮಡಲು, ಭರ್ರನೆ ಹತ್ತಿಕೊಳ್ಳುತ್ತದೆ. ಏದುಸಿರು ಬರುವ ಹಾಗೆ ಓಡುವಾಗ ದೇಹಕ್ಕೆ ಕೊರಡು ಹೊತ್ತಿಸುತ್ತಾ ಕೂರಲು ಪುರುಸೊತ್ತಿಲ್ಲ. ಅದು ಮಡಲನ್ನೇ ಎಳೆದು ಹಾಕುತ್ತದೆ.

ಆ ಮಡಲು ಬೆಳಿಗ್ಗೆ ಎಲ್ಲಿರುತ್ತದೆ? ಲಿವರಿನಲ್ಲಿ ಸುಮಾರು 100 ಗ್ರಾಂ ಸಕ್ಕರೆಯ ದಾಸ್ತಾನು ಇರುತ್ತದೆ. ರಾತ್ರಿಯಿಡೀ ಮಿದುಳನ್ನು ಸಾಕುವುದು ಅದೇ, ಹಾಗಾಗಿ ಬೆಳಗಾಗುವಾಗ ಬಹಳಷ್ಟು ಖರ್ಚಾಗಿರುತ್ತದೆ. ಸ್ನಾಯುಗಳ ದಾಸ್ತಾನು ಬೇರೆ, 300ರಿಂದ 500 ಗ್ರಾಂ. ಅದು ನಿದ್ದೆಯಲ್ಲಿ ಹೆಚ್ಚೇನೂ ಕರಗುವುದಿಲ್ಲ. ಕಾಲಿನ ಸ್ನಾಯು ತನ್ನ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟುಕೊಡುವುದೂ ಇಲ್ಲ, ಜಿಪುಣ! ನಿಮ್ಮ 15 ನಿಮಿಷಕ್ಕೆ ಅದು ಧಾರಾಳ ಸಾಕು. ಹಾಗಾಗಿ ತಿನ್ನದೆ ಓಡಿದರೆ ಶಕ್ತಿ ಸಾಲದು ಎಂಬ ಅಮ್ಮನ ಹೆದರಿಕೆಗೂ ಕಾರಣವಿಲ್ಲ.

ಬೊಜ್ಜಿನ ಲೆಕ್ಕ ಸ್ವಲ್ಪ ಬೇಸರದ್ದು. ಓಟಕ್ಕೆ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ. ನೀವು 70 ಕಿಲೋ ಇದ್ದು 2 ಕಿ.ಮೀ. ಓಡಿದರೆ 140. ಒಂದು ಕಿಲೋ ಬೊಜ್ಜಿನಲ್ಲಿ 7,000ಕ್ಕಿಂತ ಜಾಸ್ತಿ ಇರುತ್ತದೆ. ಓಡಿ ಬಂದ ಖುಷಿಯಲ್ಲಿ ಎರಡು ಬನ್ಸ್ ತಿಂದರೆ ಅವತ್ತಿನ ಲೆಕ್ಕ ಚುಕ್ತಾ. 2014ರಲ್ಲಿ ಅಮೆರಿಕದಲ್ಲಿ 20 ಯುವತಿಯರನ್ನು ನಾಲ್ಕು ವಾರ ಹೀಗೆಯೇ ಪರೀಕ್ಷಿಸಿದ್ದರು. ಅರ್ಧ ಜನ ತಿಂದು, ಅರ್ಧ ಜನ ತಿನ್ನದೆ ವ್ಯಾಯಾಮ ಮಾಡಿದರು. ಎಲ್ಲರಿಗೂ ಊಟದಲ್ಲಿ ಕಡಿತ ಇತ್ತು. ಬೊಜ್ಜು ಇಳಿದದ್ದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಜೋರು ಓಟ ಸುಮ್ನೆ ದಂಡವಾ? ಖಂಡಿತ ಅಲ್ಲ. ಜಪಾನಿನ ವ್ಯಾಯಾಮ ವಿಜ್ಞಾನಿ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗ ಈಗಲೂ ಎಲ್ಲರ ಬಾಯಲ್ಲಿದೆ: 20 ಸೆಕೆಂಡ್ ಪೂರ್ತಿ ಶಕ್ತಿ ಹಾಕುವುದು, 10 ಸೆಕೆಂಡ್ ಬಿಡುವು, ಮತ್ತೆ ಅದೇ. ಆರು ವಾರದಲ್ಲಿ ಹುಡುಗರ ದಮ್ಮು ಚೆನ್ನಾಗಿ ಏರಿತು. ಆದರೆ ಅಲ್ಲಿ ಅಳೆದದ್ದು ದಮ್ಮನ್ನು, ಬೊಜ್ಜನ್ನಲ್ಲ. ಅದೂ ನಿಂತಲ್ಲೇ ತುಳಿಯುವ ಸೈಕಲಿನ ಮೇಲೆ, ಮೊದಲೇ ಆಟ ಓಟ ಮಾಡಿಕೊಂಡಿದ್ದ ಹುಡುಗರ ಮೇಲೆ. 38ರ ನಾವು ಹಾಸಿಗೆಯಿಂದ ಎದ್ದವರೇ ಅದನ್ನು ಮಾಡಹೊರಟರೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುತ್ತದೆ ಮಾರಾಯ್ರೆ. ನನಗೆ ಹಿಡಿದು ಎರಡು ವಾರ ಕುಂಟಿದ್ದೇನೆ. ಬೆಳಗಿನ ಜಾವ ಮೈ ತಣ್ಣಗಿರುತ್ತದೆ, ಸ್ನಾಯು ಬಿಗಿದಿರುತ್ತದೆ. ಮೊದಲ ಎಂಟು ಹತ್ತು ನಿಮಿಷ ನಡಿಗೆ, ಕುಲುಕು ಓಟ. ಆಮೇಲೆ ಜೋರು. ವಾರಕ್ಕೆ ಎರಡು ಮೂರು ಸಲ ಸಾಕು. ಗುಡ್ಡೆ ಹತ್ತುವಾಗ ಓಡಿ, ಇಳಿಯುವಾಗ ನಡೆಯಿರಿ, ಮೊಣಕಾಲಿಗೆ ಪೆಟ್ಟು ಕಡಿಮೆ.

ನೀರು ಮಾತ್ರ ಬಿಡಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಹೊರಡುವ ಮೊದಲು ಒಂದು ಲೋಟ ಕುಡಿಯಿರಿ. ತಲೆ ಸುತ್ತುವ ಅಭ್ಯಾಸ ಇದ್ದರೆ ಅರ್ಧ ಬಾಳೆಹಣ್ಣು ತಿನ್ನಿ, ಅಮ್ಮನಿಗೂ ಸಮಾಧಾನ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ಓಟಕ್ಕೆ ಮೊದಲು ಡಾಕ್ಟರನ್ನು ಕೇಳಲೇಬೇಕು. ಸಕ್ಕರೆ ದಿಢೀರ್ ಇಳಿಯಬಹುದು. ಎದೆ ಬಿಗಿತ, ಬಿ.ಪಿ. ಇರುವವರೂ ಅಷ್ಟೇ.

ಇನ್ನು ಜೂನ್ ಬಂತೆಂದರೆ ಪದವಿನ ಮುರಕಲ್ಲಿಗೆ ಪಾಚಿ ಹಿಡಿಯುತ್ತದೆ. ಆಗ ಅಲ್ಲಿ ಜೋರು ಓಟ ಬೇಡ, ಡಾಮರು ರಸ್ತೆಯ ಏರು ಹುಡುಕಿಕೊಳ್ಳಿ.