ವಾಚನ್ನು ಒಂದು ವಾರ ತಪ್ಪಾಗಿಯೇ ಓಡಲು ಬಿಡಿ

ಅಪ್ಪನಿಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬೀಪ್ ಬೀಪ್ ಅಂದ ಕೂಡಲೇ ವಾಚಿನ ಮುಳ್ಳು ಸರಿಮಾಡಿ, ಕೀಲಿ ಕೊಟ್ಟು, ಆಮೇಲೆಯೇ ಕಾಫಿ. ನಲವತ್ತು ವರ್ಷ ಹೀಗೇ ಮಾಡಿದರು. ಹಾಗಾಗಿ ಆ ವಾಚು ದಿನಕ್ಕೆ ಎಷ್ಟು ತಪ್ಪುತ್ತದೆ ಅನ್ನೋದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. ದಿನಾ ಸರಿಮಾಡುತ್ತಿದ್ದರೆ ಗೊತ್ತಾಗೋದಾದರೂ ಹೇಗೆ?

ಈಗ ಆ ವಾಚು ನನ್ನ ಹತ್ತಿರ ಇದೆ. ಅದನ್ನು ಪರೀಕ್ಷೆ ಮಾಡಬೇಕು ಅನ್ನಿಸಿದಾಗ ಮೊದಲು ಮಾಡಿದ್ದು ಇಷ್ಟೇ, ಮುಳ್ಳು ಮುಟ್ಟೋದನ್ನು ನಿಲ್ಲಿಸಿದೆ. ವಾಚು ಎಷ್ಟು ಗಂಟೆ ತೋರಿಸುತ್ತಿದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ನಿಜವಾದ ಸಮಯಕ್ಕೂ ಅದಕ್ಕೂ ಇರುವ ಅಂತರ ದಿನದಿಂದ ದಿನಕ್ಕೆ ಎಷ್ಟು ಬದಲಾಗುತ್ತದೆ ಅನ್ನೋದಷ್ಟೇ ಬೇಕು. ಹಳೆಯ ಎಷ್ಟೋ ಕೀಲಿ ವಾಚುಗಳಲ್ಲಿ ಗುಂಡಿ ಎಳೆದರೂ ಸೆಕೆಂಡಿನ ಮುಳ್ಳು ನಿಲ್ಲೋದಿಲ್ಲ, ಸೆಕೆಂಡಿಗೆ ಸರಿಯಾಗಿ ಕೂರಿಸೋದೇ ಕಷ್ಟ. ಕೂರಿಸೋದೂ ಬೇಡ.

ನಿಜವಾದ ಸಮಯ ಎಲ್ಲಿಂದ ತರೋದು? ಟಿವಿ ನಂಬಬೇಡಿ. ಈಗಿನ ಪ್ರಸಾರ ಉಪಗ್ರಹ, ಸೆಟ್‌ಟಾಪ್ ಬಾಕ್ಸ್ ಅಂತ ಸುತ್ತಿಕೊಂಡು ಬರುವಷ್ಟರಲ್ಲಿ ಕೆಲವು ಸೆಕೆಂಡು ತಡವಾಗಿರುತ್ತದೆ. ಆ್ಯಪ್‌ನಲ್ಲಿ ಕೇಳುವ ರೇಡಿಯೋದ ಕಥೆಯೂ ಅದೇ, ಅಪ್ಪನ ಬೀಪ್ ಈಗ ಕೆಲಸಕ್ಕೆ ಬರೋದಿಲ್ಲ. ನಮ್ಮ ದೇಶದ ಅಧಿಕೃತ ಸಮಯವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್, ಸೀಸಿಯಂ ಪರಮಾಣು ಗಡಿಯಾರಗಳಿಂದ ಕಾಯುತ್ತದೆ, ಇಂಟರ್‌ನೆಟ್ ಮೂಲಕ ಹಂಚುತ್ತದೆ ಕೂಡ. ಕಂಪ್ಯೂಟರಿನ ಗಡಿಯಾರವನ್ನು ಅಂಥ ಒಂದು ಟೈಮ್ ಸರ್ವರ್‌ಗೆ ಹೊಂದಿಸಿಕೊಂಡರೆ ಮನೆಯ ಕೆಲಸಕ್ಕೆ ಧಾರಾಳ ಸಾಕು.

ಆಮೇಲೆ ವಾಚನ್ನು ಕಂಪ್ಯೂಟರ್ ಪರದೆಯ ಪಕ್ಕ ಹಿಡಿದು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋನಿನಲ್ಲಿ ಫೋಟೋ ತೆಗೆಯಿರಿ. ಕಣ್ಣಲ್ಲಿ ಒಂದನ್ನು ನೋಡಿ, ಕತ್ತು ತಿರುಗಿಸಿ ಇನ್ನೊಂದನ್ನು ನೋಡುವಷ್ಟರಲ್ಲಿ ಸೆಕೆಂಡು ಜಾರಿಹೋಗಿರುತ್ತದೆ. ಫೋಟೋ ಆದರೆ ನಿಧಾನಕ್ಕೆ ಕೂತು ಓದಬಹುದು. ವಾಚಿನ ಮುಖ ನೇರವಾಗಿರಲಿ, ಓರೆಯಿಂದ ನೋಡಿದರೆ ಮುಳ್ಳು ಒಂದು ಗೆರೆ ಆಚೀಚೆ ಕಾಣುತ್ತದೆ. ದಿನಾ ಒಂದೇ ಹೊತ್ತಿಗೆ ಕೀಲಿ ಕೊಡಿ, ಒಂದೇ ಹೊತ್ತಿಗೆ ಫೋಟೋ ತೆಗೆಯಿರಿ. ಒಳಗಿನ ಸುರುಳಿ ಸಡಿಲವಾದಂತೆ ವಾಚಿನ ನಡಿಗೆ ಸ್ವಲ್ಪ ಬದಲಾಗುತ್ತದೆ, ಅದಕ್ಕೆ.

ನನ್ನ ನೋಟ್‌ಬುಕ್ಕಿನಲ್ಲಿ ಭಾನುವಾರ ರಾತ್ರಿ 9ಕ್ಕೆ ವಾಚು 14 ಸೆಕೆಂಡು ಮುಂದೆ. ಸೋಮವಾರ 5 ಮುಂದೆ. ಮಂಗಳವಾರ 5 ಹಿಂದೆ, ಬುಧವಾರ 13 ಹಿಂದೆ, ಗುರುವಾರ 22 ಹಿಂದೆ. ಅಂದರೆ ದಿನಕ್ಕೆ 9, 10, 8, 9 ಸೆಕೆಂಡು ಹಿಂದೆ ಬೀಳುತ್ತಿದೆ. ಸರಾಸರಿ 9. ದಿನಕ್ಕೆ 86,400 ಸೆಕೆಂಡು ಅಲ್ವಾ, ಅದರಲ್ಲಿ 9 ಅಂದರೆ ವಾಚು ನೂರಕ್ಕೆ 99.99ರಷ್ಟು ಸರಿ! ಪರೀಕ್ಷೆಯಲ್ಲಿ ಇಷ್ಟು ಬಂದರೆ ಊರೆಲ್ಲ ಸಿಹಿ ಹಂಚುತ್ತಾರೆ, ವಾಚಿನಲ್ಲಿ ಬಂದರೆ ತಿಂಗಳಿಗೆ ನಾಲ್ಕೂವರೆ ನಿಮಿಷ ತಡ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ವಾಚು ಮಾಡಲು ಶುರುಮಾಡಿದ ಎಚ್‌ಎಂಟಿಯ 'ಜನತಾ' ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಅದು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತದೆ. ದಿನಕ್ಕೆ 4,32,000 ಟಿಕ್. ಈ ಲೆಕ್ಕದಲ್ಲಿ 9 ಸೆಕೆಂಡು ಅಂದರೆ ಬರೀ 45 ಟಿಕ್ ಕಡಿಮೆ. ಸ್ವಿಸ್ ಸಂಸ್ಥೆ ಸಿಒಎಸ್‌ಸಿ ಕ್ರೋನೋಮೀಟರ್, ಅಂದರೆ ಅತಿ ನಿಖರವಾದ ವಾಚು, ಅಂತ ಪ್ರಮಾಣಪತ್ರ ಕೊಡಬೇಕಾದರೆ ದಿನದ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಇದರೊಳಗೆ ಇರಬೇಕು. ಹಳೇ ವಾಚಿಗೆ 9 ಅಂದರೆ ನಾನಂತೂ ಬೆನ್ನು ತಟ್ಟುತ್ತೇನೆ.

ಅದಕ್ಕಿಂತ ನನಗೆ ಖುಷಿ ಕೊಟ್ಟಿದ್ದು ಆ 9, 10, 8, 9. ಇವತ್ತು 8 ಮುಂದೆ, ನಾಳೆ 8 ಹಿಂದೆ ಹೋಗುವ ವಾಚಿನ ಸರಾಸರಿ ಸೊನ್ನೆ ಬರುತ್ತದೆ, ಆದರೆ ಅದನ್ನು ನಂಬೋಕಾಗಲ್ಲ. ದಿನಾ 9 ತಪ್ಪುವ ವಾಚಿನಲ್ಲಿ ಲೆಕ್ಕ ಹಾಕಿ ನಿಜವಾದ ಸಮಯ ಹೇಳಬಹುದು. ಹಿಂದೆ ಹಡಗಿನವರು ಮಾಡುತ್ತಿದ್ದದ್ದೂ ಇದೇ. ಜಾನ್ ಹ್ಯಾರಿಸನ್ ಮಾಡಿದ ಎಚ್4 ಅನ್ನೋ ಗಡಿಯಾರ 1761ರಲ್ಲಿ ಇಂಗ್ಲೆಂಡಿನಿಂದ ಜಮೈಕಾಗೆ ಹೊರಟಿತು. 81 ದಿನಕ್ಕೆ ಸುಮಾರು 5 ಸೆಕೆಂಡು ಮಾತ್ರ ತಪ್ಪಿತ್ತು ಅಂತ ಹೇಳುತ್ತಾರಲ್ಲ, ಅದು ದಿನಕ್ಕೆ ಇಷ್ಟು ಹಿಂದೆ ಬೀಳುತ್ತದೆ ಅನ್ನೋ ಲೆಕ್ಕ ಕಳೆದ ಮೇಲೆ ಉಳಿದ ತಪ್ಪು.

ಇಷ್ಟಾದ ಮೇಲೆ, 9 ಸೆಕೆಂಡು ಯಾವಾಗ ಹೋಗುತ್ತದೆ ಅಂತ ಹುಡುಕಿದೆ. ಅಪ್ಪ ರಾತ್ರಿ ವಾಚನ್ನು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು, ನಾನೂ ಹಾಗೇ ಮಾಡುತ್ತಿದ್ದೆ. ಒಂದು ಇಡೀ ದಿನ ಮೊಳೆಯಲ್ಲೇ ಬಿಟ್ಟೆ, 15 ಸೆಕೆಂಡು ಹಿಂದೆ ಬಿತ್ತು. ಮಾರನೇ ದಿನ ಮೇಜಿನ ಮೇಲೆ ಮುಖ ಮೇಲೆ ಮಾಡಿ ಮಲಗಿಸಿದೆ, 3 ಸೆಕೆಂಡು ಮುಂದೆ ಹೋಯಿತು! ಅದೇ ವಾಚು, ಅದೇ ಕೀಲಿ. ಒಳಗೆ ಅತ್ತಿಂದಿತ್ತ ತೂಗಾಡುವ ಬ್ಯಾಲೆನ್ಸ್ ಚಕ್ರದ ತೂಕ ಸುತ್ತಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರೋದು ಕಷ್ಟ. ಮಲಗಿಸಿದಾಗ ಅದು ಲೆಕ್ಕಕ್ಕೆ ಬರೋದಿಲ್ಲ, ನಿಲ್ಲಿಸಿದಾಗ ಭಾರವಾದ ಕಡೆಯನ್ನು ಭೂಮಿ ಎಳೆಯುತ್ತದೆ. ಜೊತೆಗೆ, ಮಲಗಿದ ಚಕ್ರ ಅಚ್ಚಿನ ತುದಿಯ ಮೇಲೆ ತಿರುಗುತ್ತದೆ, ನಿಂತ ಚಕ್ರದ ಅಚ್ಚು ಪಕ್ಕಕ್ಕೆ ಉಜ್ಜಿಕೊಳ್ಳುತ್ತದೆ. ಈಗ ರಾತ್ರಿ ಎಂಟು ಗಂಟೆ ಕಾಲ ಮೇಜಿನ ಮೇಲೆ ಮಲಗಿಸುತ್ತೇನೆ. ದಿನಕ್ಕೆ ಹಿಂದೆ ಬೀಳೋದು 9 ಇದ್ದದ್ದು 3ಕ್ಕೆ ಇಳಿದಿದೆ. ರಿಪೇರಿ ಖರ್ಚು ಸೊನ್ನೆ.

ಇದ್ದಕ್ಕಿದ್ದಂತೆ ವಾಚು ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಸ್ಪೀಕರ್ ಪಕ್ಕ ಇಟ್ಟಿದ್ದಿರಾ ನೆನಪಿಸಿಕೊಳ್ಳಿ. ಅಯಸ್ಕಾಂತದ ಪ್ರಭಾವ ಆಗಿ ಹೇರ್‌ಸ್ಪ್ರಿಂಗ್‌ನ, ಅಂದರೆ ಬ್ಯಾಲೆನ್ಸ್ ಚಕ್ರವನ್ನು ತೂಗಾಡಿಸುವ ತೆಳು ಸುರುಳಿಯ, ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಹೀಗಾಗುತ್ತದೆ. ಸಣ್ಣ ದಿಕ್ಸೂಚಿಯ ಹತ್ತಿರ ಹಿಡಿದು ನೋಡಿ, ಮುಳ್ಳು ನಡುಗಿದರೆ ಅನುಮಾನ ಪಡಬಹುದು.

ಸೆಲ್ ಹಾಕುವ ಕ್ವಾರ್ಟ್ಜ್ ವಾಚಿಗೆ ಈ ಒಂದು ವಾರದ ಆಟ ಸಾಲೋದಿಲ್ಲ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಸಾಮಾನ್ಯ ವಾಚು ಕೂಡ ತಿಂಗಳಿಗೆ 15-20 ಸೆಕೆಂಡಿಗಿಂತ ಜಾಸ್ತಿ ತಪ್ಪೋದಿಲ್ಲ. ಅಂದರೆ ದಿನಕ್ಕೆ ಅರ್ಧ ಸೆಕೆಂಡು. ನಾವು ಫೋಟೋ ಓದುವುದರಲ್ಲೇ ಅಷ್ಟು ತಪ್ಪಾಗಬಹುದು! ಆದರೆ 30 ದಿನ ಬಿಟ್ಟು ಓದಿದರೆ ಆ ತಪ್ಪು 30 ದಿನಕ್ಕೆ ಹಂಚಿಹೋಗುತ್ತದೆ. ಇನ್ನೊಂದು ತಮಾಷೆ ಇದೆ. ಈ ಹರಳು ಸುಮಾರು 25 ಡಿಗ್ರಿಯಲ್ಲಿ ಅತಿ ಚುರುಕು. ಸೆಖೆ ಜಾಸ್ತಿಯಾದರೂ ನಿಧಾನ, ಚಳಿ ಜಾಸ್ತಿಯಾದರೂ ನಿಧಾನ. ಕಲಬುರಗಿಯ ಮೇ ತಿಂಗಳಲ್ಲಿ 42 ಡಿಗ್ರಿಯಲ್ಲಿ ಮೇಜಿನ ಮೇಲೆ ಬಿದ್ದಿರುವ ವಾಚು 25 ಡಿಗ್ರಿಯಲ್ಲಿ ಇರೋದಕ್ಕಿಂತ ದಿನಕ್ಕೆ ಮುಕ್ಕಾಲು ಸೆಕೆಂಡಿನ ಮೇಲೆ ಹಿಂದೆ ಬೀಳುತ್ತದೆ. ಹಾಗಾಗಿ ಪರೀಕ್ಷೆಯ ತಿಂಗಳು ವಾಚು ಕಟ್ಟಿಕೊಂಡೇ ಓಡಾಡಿ. ನನ್ನದು 30 ದಿನಕ್ಕೆ 12 ಸೆಕೆಂಡು ಮುಂದೆ ಹೋಯಿತು. ದಿನಕ್ಕೆ 0.4.

ಇಷ್ಟೆಲ್ಲ ಯಾಕೆ, ಫೋನಿನ ಮೈಕಿನಿಂದ ಟಿಕ್ ಟಿಕ್ ಕೇಳಿ ಒಂದೇ ನಿಮಿಷದಲ್ಲಿ ಉತ್ತರ ಹೇಳುವ ಆ್ಯಪ್‌ಗಳಿವೆಯಲ್ಲ ಅಂತ ಸ್ನೇಹಿತ ನಕ್ಕ. ಹಾಕಿ ನೋಡಿದೆ. ಮಲಗಿಸಿದ ಅಪ್ಪನ ವಾಚು ದಿನಕ್ಕೆ 4.7 ಸೆಕೆಂಡು ಮುಂದೆ ಅಂತ ದಶಮಾಂಶದ ಸಮೇತ ತೋರಿಸಿತು. ನೋಟ್‌ಬುಕ್ ಹೇಳಿದ್ದು 3. ಯಾರು ಸರಿ? ಕ್ವಾರ್ಟ್ಜ್ ವಾಚಿನ ಟಿಕ್ ಅನ್ನೂ ಅದೇ ಫೋನಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿ ಲೆಕ್ಕ ಹಾಕಿದೆ. 0.4 ಬರಬೇಕಾದ ಕಡೆ 2.1 ಬಂತು. ಎರಡರಲ್ಲೂ ಜಾಸ್ತಿ ಬಂದದ್ದು ಅದೇ 1.7. ಫೋನಿನೊಳಗೂ ಒಂದು ಹರಳೇ ತಾನೆ ಇರೋದು, ಸದ್ದನ್ನು ಅಳೆಯುವಾಗ ಅದೇ ದಿನಕ್ಕೆ 1.7 ಸೆಕೆಂಡು ಹಿಂದೆ ಬೀಳುತ್ತಿತ್ತು. ಈಗ ಆ್ಯಪ್ ಏನು ಹೇಳಿದರೂ 1.7 ಕಳೆದು ಬರೆದುಕೊಳ್ಳುತ್ತೇನೆ.